ಓದುಗರ ಪ್ರಶ್ನೆ: ಬ್ರಿಟಾನಿಯಾ ಅಂದರೆ ಯಾರು, ಸ್ಕೋತ್ತಿ ಅಂದರೆ ಎಲ್ಲಿಯವರು?

ಹೋದ ಸಂಚಿಕೆಯಲ್ಲಿ ರೋಮನ್ನರು ಬ್ರಿಟನ್ ದ್ವೀಪಕ್ಕೆ ದಂಡೆತ್ತಿ ಹೋದ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅಲ್ಲಿ ಬ್ರಿತಾನ್ನಿ, ಹಿಬೆರ್ನಿಯಾ, ಸ್ಕೋತ್ತಿ ಅಂತ ಲ್ಯಾಟಿನ್ ಹೆಸರುಗಳು ಬಂದಿದ್ದವು. ಅವು ಏನು, ಯಾರಿಟ್ಟದ್ದು ಅಂತ ಹೇಳದೆ ಮುಂದೆ ಹೋಗಿದ್ದೆ. ಈಗ ಪತ್ರಗಳು ಬಂದಿವೆ, ಎಲ್ಲವೂ ಆ ಹೆಸರುಗಳ ಮೇಲೆಯೇ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವಕ್ಕೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಬಿಸ್ಕಿಟ್ ಪೊಟ್ಟಣದ ಮೇಲೆ ಬ್ರಿಟಾನಿಯಾ ಅಂತ ಇರುತ್ತದೆ. ಅದು ಕಂಪನಿ ಹೆಸರು ಅಂತಾರೆ ನಮ್ಮಪ್ಪ. ದೇಶದ ಹೆಸರು ಅಂತಾರೆ ನಮ್ಮ ಸರ್. ಮೊಬೈಲಿನಲ್ಲಿ ಹುಡುಕಿದರೆ ಆಯುಧ ಹಿಡಿದು ಕೂತ ಹೆಣ್ಣಿನ ಚಿತ್ರ ಬರುತ್ತದೆ. ಯಾವುದು ಖರೆ? (9ನೇ ತರಗತಿ ವಿದ್ಯಾರ್ಥಿನಿ, ಹಳೇ ಹುಬ್ಬಳ್ಳಿ)

ಮೂರೂ ಖರೆ, ತಂಗೀ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ತಿಳಿದರೆ ಚೆನ್ನ.

ಮೊದಲು ಜನ. ರೋಮನ್ನರು ಆ ದ್ವೀಪದ ಜನರನ್ನು ಬ್ರಿತಾನ್ನಿ ಅಂತ ಕರೆದರು. ಒಬ್ಬನಾದರೆ ಬ್ರಿತಾನ್ನುಸ್, ಹಲವರಾದರೆ ಬ್ರಿತಾನ್ನಿ. ಅವರು ಇರುವ ನಾಡು ಬ್ರಿತಾನ್ನಿಯಾ. ಲ್ಯಾಟಿನ್ನಿನಲ್ಲಿ ಇದು ತೀರಾ ಸರಳ. ಜನರ ಹೆಸರಿಗೆ 'ಇಯಾ' ಸೇರಿಸಿದರೆ ನಾಡಿನ ಹೆಸರು ಆಗುತ್ತದೆ. ಜೆರ್ಮಾನಿ ಜನ, ಜೆರ್ಮಾನಿಯಾ ನಾಡು. ಹಿಸ್ಪಾನಿ ಜನ, ಹಿಸ್ಪಾನಿಯಾ ನಾಡು, ಅದೇ ಈಗಿನ ಸ್ಪೇನ್. ನಾವು ತುಳುವರು ಇರುವ ಕಡೆಯನ್ನು ತುಳುನಾಡು ಅನ್ನುವುದಿಲ್ವಾ, ಹಾಗೆಯೇ.

ಜೂಲಿಯಸ್ ಸೀಸರ್ ಕ್ರಿಸ್ತಪೂರ್ವ 55 ಮತ್ತು 54ರಲ್ಲಿ ಎರಡು ಸಲ ಸಮುದ್ರ ದಾಟಿ ಅಲ್ಲಿಗೆ ಹೋದ. ತಾನು ಕಂಡ ಬ್ರಿತಾನ್ನಿಗಳ ಬಗ್ಗೆ ಬರೆದಿಟ್ಟ. ಅವರು ಒಂದು ಗಿಡದ ನೀಲಿ ಬಣ್ಣವನ್ನು ಮೈಗೆಲ್ಲ ಹಚ್ಚಿಕೊಳ್ಳುತ್ತಾರೆ, ಯುದ್ಧದಲ್ಲಿ ನೋಡಿದರೆ ಎದೆ ನಡುಗುತ್ತದೆ, ಕೂದಲು ಉದ್ದ ಬಿಡುತ್ತಾರೆ, ತಲೆ ಮತ್ತು ಮೀಸೆ ಬಿಟ್ಟು ಮೈಮೇಲಿನ ಕೂದಲನ್ನೆಲ್ಲ ಬೋಳಿಸುತ್ತಾರೆ ಅಂತ. ಗಡ್ಡ ಇಲ್ಲದೆ ದಪ್ಪ ಮೀಸೆ ಬಿಟ್ಟ ನೀಲಿ ಮೈಯ ಜನ, ಮನಸ್ಸಿನಲ್ಲೇ ಒಮ್ಮೆ ಚಿತ್ರ ಬಿಡಿಸಿ ನೋಡು.

ಸೀಸರ್ ಅಲ್ಲಿ ನಿಲ್ಲಲಿಲ್ಲ. ನಿಜವಾಗಿ ಆ ನಾಡನ್ನು ಗೆದ್ದು ಆಳಲು ಶುರು ಮಾಡಿದ್ದು ಚಕ್ರವರ್ತಿ ಕ್ಲಾಡಿಯಸ್, ಕ್ರಿಸ್ತಶಕ 43ರಲ್ಲಿ. ಗೆದ್ದ ಖುಷಿಗೆ ತನ್ನ ಸಣ್ಣ ಮಗನಿಗೆ ಬ್ರಿಟಾನಿಕಸ್ ಅಂತಲೇ ಹೆಸರಿಟ್ಟ. ಹೆಣ್ಣಿನ ಚಿತ್ರ ಶುರುವಾಗುವುದೂ ಅವನ ಕಾಲದಿಂದಲೇ. ರೋಮನ್ನರು ಗೆದ್ದ ನಾಡನ್ನು ಹೆಣ್ಣಿನ ರೂಪದಲ್ಲಿ ತೋರಿಸುತ್ತಿದ್ದರು. ಈಗಿನ ತುರ್ಕಿಯಲ್ಲಿರುವ ಅಫ್ರೋಡಿಸಿಯಾಸ್ ಎಂಬ ಹಳೇ ಊರಿನಲ್ಲಿ ಒಂದು ಅಮೃತಶಿಲೆಯ ಕೆತ್ತನೆ ಸಿಕ್ಕಿದೆ. ಅದರಲ್ಲಿ ಕ್ಲಾಡಿಯಸ್ ನೆಲಕ್ಕೆ ಬಿದ್ದ ಹೆಣ್ಣೊಬ್ಬಳ ಕೂದಲು ಹಿಡಿದು ಎಳೆಯುತ್ತಿದ್ದಾನೆ. ಅವಳ ಬಟ್ಟೆ ಭುಜದಿಂದ ಜಾರಿದೆ. ಒಂದು ಕೈ ಮೇಲೆ ಚಾಚಿದ್ದಾಳೆ. ಕೆಳಗೆ ಗ್ರೀಕ್ ಅಕ್ಷರಗಳಲ್ಲಿ ಅವಳ ಹೆಸರೂ ಇದೆ, ಬ್ರೆಟ್ಟಾನಿಯಾ. ಆ ಹೆಸರಿನ ಹೆಣ್ಣಿನ ಚಿತ್ರಗಳಲ್ಲಿ ನಮಗೆ ಗೊತ್ತಿರುವ ಅತ್ಯಂತ ಹಳೆಯದು ಇದೇ. ಅವಳು ಆಗ ದೇವಿ ಅಲ್ಲ, ಸೋತ ನಾಡು.

ಆಮೇಲೆ ಸುಮಾರು 119ರಲ್ಲಿ ಚಕ್ರವರ್ತಿ ಹೇಡ್ರಿಯನ್ ಹೊರಡಿಸಿದ ನಾಣ್ಯದಲ್ಲಿ ಅವಳು ಗುರಾಣಿ, ಈಟಿ ಇಟ್ಟುಕೊಂಡು ಕೂತಿದ್ದಾಳೆ. ರೋಮನ್ನರು ಹೋದರು, ಆ ಚಿತ್ರ ಸಾವಿರ ವರ್ಷಕ್ಕೂ ಜಾಸ್ತಿ ಮರೆತೇ ಹೋಯಿತು. ಮತ್ತೆ 1672ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್ ತನ್ನ ತಾಮ್ರದ ನಾಣ್ಯದ ಮೇಲೆ ಅದೇ ಹೆಣ್ಣನ್ನು ಕೂರಿಸಿದ. 1797ರ ದೊಡ್ಡ ತಾಮ್ರದ ಪೆನ್ನಿಯಲ್ಲಿ ಈಟಿ ಹೋಗಿ ತ್ರಿಶೂಲ ಬಂತು. ಸಮುದ್ರ ನಮ್ಮದು ಅಂತ ಹೇಳುವ ಕಾಲ ಅದು. ಸೋತವಳ ಚಿತ್ರವನ್ನು ಅವರೇ ಎತ್ತಿಕೊಂಡು ಗೆದ್ದವಳ ಚಿತ್ರ ಮಾಡಿಕೊಂಡರು.

ಬಿಸ್ಕಿಟ್ ಕಂಪನಿ ಎಲ್ಲಕ್ಕಿಂತ ಆಮೇಲಿನದು. ಕಲಕತ್ತೆಯಲ್ಲಿ 1892ರಲ್ಲಿ ಸಣ್ಣದಾಗಿ ಶುರುವಾದ ಬಿಸ್ಕಿಟ್ ತಯಾರಿಕೆಗೆ 1918ರಲ್ಲಿ ಒಬ್ಬ ಇಂಗ್ಲಿಷ್ ಪಾಲುದಾರ ಸೇರಿಕೊಂಡ ಮೇಲೆ ಬಂದ ಹೆಸರು ಬ್ರಿಟಾನಿಯಾ. ನಿಮ್ಮಪ್ಪನಿಗೂ ಸರ್‌ಗೂ ಇಬ್ಬರಿಗೂ ಇದನ್ನು ಓದಿ ಹೇಳು.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ಅಣಕು ಪರೀಕ್ಷೆಯಲ್ಲಿ 'ರೋಮನ್ನರು ಸ್ಕೋತ್ತಿ ಎಂದು ಕರೆದದ್ದು ಯಾರನ್ನು?' ಎಂಬ ಪ್ರಶ್ನೆ ಇತ್ತು. ಎಲ್ಲೋ ಓದಿದ ನೆನಪಿನಿಂದ ನಾನು ಐರ್ಲೆಂಡಿನ ಜನ ಅಂತ ಗುರುತು ಹಾಕಿದೆ. ಕೀ ಉತ್ತರದಲ್ಲಿ ಸ್ಕಾಟ್ಲೆಂಡ್ ಜನ ಅಂತ ಇದೆ. ಕೇಳಿದರೆ 'ಹೆಸರಿನಲ್ಲೇ ಉತ್ತರ ಐತಲ್ಲೋ' ಅಂತ ನಕ್ಕರು. ನನ್ನದು ತಪ್ಪೇ? (ಸಪ್ತಾಪುರ, ಧಾರವಾಡ)

ನಿಮ್ಮದು ತಪ್ಪಲ್ಲ. ನೀವು ಬರೆದದ್ದೇ ಸರಿ. ಕೀ ಉತ್ತರ ತಪ್ಪು.

ಸಪ್ತಾಪುರದ ಕೋಣೆಗಳಲ್ಲಿ ಬೆಳಗಿನ ಜಾವ ಎದ್ದು ಓದುವವರಿಗೆ ಒಂದು ಅಂಕದ ಬೆಲೆ ಏನು ಅಂತ ನನಗೆ ಗೊತ್ತು. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕೇಳಿದವರಿಗೆ ನೀವು ತೋರಿಸಬಹುದು.

ಐರ್ಲೆಂಡ್ ದ್ವೀಪಕ್ಕೆ ಲ್ಯಾಟಿನ್ನಿನಲ್ಲಿ ಹಿಬೆರ್ನಿಯಾ ಅಂತ ಹೆಸರು. ಈ ರೂಪದಲ್ಲಿ ಮೊದಲು ಬರೆದವನು ಸೀಸರ್. ಬ್ರಿತಾನ್ನಿಯಾದ ಪಶ್ಚಿಮಕ್ಕೆ ಇದೆ, ಅದರ ಅರ್ಧದಷ್ಟು ದೊಡ್ಡದು ಅಂತಾರೆ ಅಂದ. ಈಗ ಅಳೆದರೆ ಬ್ರಿಟನ್ ಸುಮಾರು 2,09,000 ಚದರ ಕಿಲೋಮೀಟರ್, ಐರ್ಲೆಂಡ್ ಸುಮಾರು 84,000. ಕಾಲಿಡದೆ ಬರೀ ಕೇಳಿ ಬರೆದವನ ಲೆಕ್ಕ ಅಷ್ಟೇನೂ ತಪ್ಪಿಲ್ಲ. ರೋಮನ್ನರು ಆ ದ್ವೀಪವನ್ನು ಕೊನೆಗೂ ಗೆಲ್ಲಲಿಲ್ಲ. ಬ್ರಿಟನ್ನಿನಲ್ಲಿ ಅಧಿಕಾರಿಯಾಗಿದ್ದ ಅಗ್ರಿಕೋಲಾ ಒಂದು ಲೀಜನ್ ಪಡೆ, ಅಂದರೆ ಸುಮಾರು 5,000 ಜನ, ಜೊತೆಗೆ ಒಂದಿಷ್ಟು ಬೆಂಬಲದ ಪಡೆ ಇದ್ದರೆ ಸಾಕು, ಅದನ್ನು ಹಿಡಿಯಬಹುದು ಅಂತ ಹೇಳುತ್ತಿದ್ದನಂತೆ. ಇದನ್ನು ಬರೆದವನು ಅವನ ಅಳಿಯ, ಇತಿಹಾಸಕಾರ ಟ್ಯಾಸಿಟಸ್. ಆದರೆ ಆ ಪಡೆ ಹೊರಡಲೇ ಇಲ್ಲ.

ಮುಂದೆ 4ನೇ ಶತಮಾನಕ್ಕೆ ಬನ್ನಿ. ರೋಮನ್ನರ ಬಲ ಕುಂದುತ್ತಿತ್ತು. ಹಿಬೆರ್ನಿಯಾದಿಂದ ದೋಣಿಗಳಲ್ಲಿ ಬಂದು ಬ್ರಿಟನ್ನಿನ ಕರಾವಳಿಯನ್ನು ದೋಚುವ ಜನ ಜಾಸ್ತಿಯಾದರು. ಅವರಿಗೆ ಲ್ಯಾಟಿನ್ ಬರಹಗಳಲ್ಲಿ ಸ್ಕೋತ್ತಿ ಅಂತ ಹೆಸರು ಬಂತು. ಬ್ರಿಟನ್ನಿನ ಉತ್ತರದ ತುದಿಯಲ್ಲಿ ಇದ್ದವರು ಪಿಕ್ತಿ. ಲ್ಯಾಟಿನ್ನಿನಲ್ಲಿ ಅದಕ್ಕೆ 'ಬಣ್ಣ ಬಳಿದವರು' ಅಂತ ಅರ್ಥ, ಪಿಕ್ಚರ್ ಎಂಬ ಮಾತು ಬಂದದ್ದೂ ಅದೇ ಬೇರಿನಿಂದ. ಪಿಕ್ತಿ ಎಂಬ ಹೆಸರು ಬರಹದಲ್ಲಿ ಮೊದಲು ಕಾಣುವುದು 297ರಲ್ಲಿ. ಇತಿಹಾಸಕಾರ ಅಮ್ಮಿಯಾನುಸ್ 367ರ ದೊಡ್ಡ ದಾಳಿಯ ಬಗ್ಗೆ ಬರೆಯುವಾಗ ಪಿಕ್ತಿ ಮತ್ತು ಸ್ಕೋತ್ತಿ ಎಂದು ಎರಡನ್ನೂ ಬೇರೆ ಬೇರೆ ಹೇಳುತ್ತಾನೆ. ಈಗಿನ ಸ್ಕಾಟ್ಲೆಂಡ್ ನೆಲದಲ್ಲಿ ಆಗ ಇದ್ದವರು ಮುಖ್ಯವಾಗಿ ಪಿಕ್ತಿಗಳು. ಸ್ಕೋತ್ತಿಗಳು ಐರ್ಲೆಂಡಿನವರು. ನಿಮ್ಮ ಉತ್ತರಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಹಾಗಾದರೆ ಹೆಸರು ಅತ್ತ ಹೋದದ್ದು ಹೇಗೆ? ಜನ ಹೋದರು, ಹೆಸರೂ ಹೋಯಿತು. 731ರಲ್ಲಿ ಬರೆದ ಇಂಗ್ಲಿಷ್ ಸನ್ಯಾಸಿ ಬೀಡ್, ಸ್ಕೋತ್ತಿಗಳು ಹಿಬೆರ್ನಿಯಾದಿಂದ ಬಂದು ಪಿಕ್ತಿಗಳ ನಾಡಿನ ಪಶ್ಚಿಮ ಅಂಚಿನಲ್ಲಿ ನೆಲೆಸಿದರು ಅಂತ ಹೇಳುತ್ತಾನೆ. ಆ ಕರಾವಳಿಗೆ ಇಂದಿಗೂ ಆರ್ಗೈಲ್ ಅಂತ ಹೆಸರು, ಗೇಲರ, ಅಂದರೆ ಐರಿಷ್ ಮೂಲದವರ, ಕಡಲತೀರ ಅಂತ ಅದರ ಅರ್ಥ. ನಿಧಾನಕ್ಕೆ ಅವರ ಭಾಷೆ, ಅವರ ಅರಸುತನ ಇಡೀ ಉತ್ತರಕ್ಕೆ ಹಬ್ಬಿತು. ಆದರೂ ಸ್ಕೋತಿಯಾ ಅಂದರೆ ಬಹುಕಾಲ ಐರ್ಲೆಂಡೇ ಆಗಿತ್ತು. ಆ ಹೆಸರು ಸಮುದ್ರ ದಾಟಿ ಗಟ್ಟಿಯಾಗಿ ಕೂತದ್ದು 11ನೇ ಶತಮಾನದ ಹೊತ್ತಿಗೆ.

ಇದಕ್ಕೆ ಇಬ್ಬರು ಯೋಹಾನರು ಒಳ್ಳೇ ಉದಾಹರಣೆ. 9ನೇ ಶತಮಾನದಲ್ಲಿ ಫ್ರಾಂಕರ ರಾಜ ಬೋಳು ಚಾರ್ಲ್ಸನ ಆಸ್ಥಾನದಲ್ಲಿ ಯೋಹಾನ್ನೆಸ್ ಸ್ಕೋತ್ತುಸ್ ಎರಿಯುಗೇನಾ ಎಂಬ ದೊಡ್ಡ ಪಂಡಿತ ಇದ್ದ. ಸ್ಕೋತ್ತುಸ್ ಅಂದರೂ ಐರಿಷಿನವನು, ಎರಿಯುಗೇನಾ ಅಂದರೂ ಐರ್ಲೆಂಡಿನಲ್ಲಿ ಹುಟ್ಟಿದವನು. ಒಂದೇ ಮಾತು ಎರಡು ಸಲ. ಐರ್ಲೆಂಡಿನ ಹಳೇ 5 ಪೌಂಡ್ ನೋಟಿನ ಮೇಲೆ ಅವನ ಚಿತ್ರ ಇತ್ತು. ಅವನ ಬಗ್ಗೆ ಆಮೇಲಿನವರು ಒಂದು ಕಥೆ ಹೇಳುತ್ತಾರೆ. ಊಟಕ್ಕೆ ಎದುರುಬದುರು ಕೂತಾಗ ರಾಜ ಕೇಳಿದನಂತೆ, ಸ್ಕೋತ್ತುಸ್‌ಗೂ ಸೋತ್ತುಸ್‌ಗೂ ನಡುವೆ ಎಷ್ಟು ದೂರ ಅಂತ. ಸೋತ್ತುಸ್ ಅಂದರೆ ದಡ್ಡ. ಪಂಡಿತ ಹೇಳಿದ, 'ಈ ಮೇಜಿನಷ್ಟು.'

ಇನ್ನೊಬ್ಬ ಯೋಹಾನ್ನೆಸ್ ದುನ್ಸ್ ಸ್ಕೋತುಸ್. ಹುಟ್ಟಿದ್ದು ಸುಮಾರು 1266, ಸತ್ತದ್ದು 1308. ಇವನು ಸ್ಕಾಟ್ಲೆಂಡಿನ ದುನ್ಸ್ ಎಂಬ ಊರಿನವನು. ಅದೇ ಅಡ್ಡಹೆಸರು, ನಡುವೆ ನಾಲ್ಕು ನೂರು ವರ್ಷ, ಅರ್ಥ ಬೇರೆ ದ್ವೀಪಕ್ಕೆ ಹೋಗಿದೆ.

ಈ ಗೊಂದಲದಿಂದ ಒಂದು ಮಠವೇ ಕೈ ಬದಲಾಯಿಸಿತು. ಜರ್ಮನಿಯ ರೇಗೆನ್ಸ್‌ಬುರ್ಗ್ ಊರಿನಲ್ಲಿ ಐರಿಷ್ ಸನ್ಯಾಸಿಗಳು ಕಟ್ಟಿದ ಮಠ ಇತ್ತು. ಜರ್ಮನ್ ಜನ ಅದನ್ನು 'ಸ್ಕಾಟರ ಮಠ' ಅಂತಲೇ ಕರೆಯುತ್ತಿದ್ದರು, ಕಟ್ಟಿದ ಕಾಲಕ್ಕೆ ಸ್ಕಾಟರು ಅಂದರೆ ಐರಿಷರೇ ತಾನೆ. 1515ರ ಹೊತ್ತಿಗೆ ಆ ಹೆಸರಿನ ಅರ್ಥ ತಿರುಗಿತ್ತು. ಸ್ಕಾಟ್ಲೆಂಡಿನವರು ಇದು ನಮ್ಮದು ಅಂತ ಕೇಳಿದರು, ಪೋಪ್ ಹತ್ತನೇ ಲಿಯೋ ಅವರಿಗೇ ಕೊಟ್ಟುಬಿಟ್ಟ. ವಿಯೆನ್ನಾದಲ್ಲಿ 1155ರಲ್ಲಿ ಇದೇ ರೇಗೆನ್ಸ್‌ಬುರ್ಗಿನ ಐರಿಷ್ ಸನ್ಯಾಸಿಗಳು ಬಂದು ಶುರು ಮಾಡಿದ ಮಠಕ್ಕೆ ಇಂದಿಗೂ ಸ್ಕಾಟರ ಹೆಸರೇ ಇದೆ. 'ಹೆಸರಿನಲ್ಲೇ ಉತ್ತರ ಐತಿ' ಅಂದವರಿಗೆ ಈ ಎರಡು ಮಠಗಳ ಕಥೆ ಹೇಳಿ.

ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದರೆ ಮೊದಲು ಶತಮಾನ ನೋಡಿ. 'ರೋಮನ್ನರು ಕರೆದದ್ದು' ಅಂತ ಇದ್ದರೆ ಐರ್ಲೆಂಡ್. 13ನೇ ಶತಮಾನ ಅಂತ ಇದ್ದರೆ ಸ್ಕಾಟ್ಲೆಂಡ್.

ಪ್ರಶ್ನೆ: ನಿವೃತ್ತ ಕನ್ನಡ ಮಾಸ್ತರ ನಾನು. ಒಂದು ಸಂಶಯ. ಆ ಜನ ತಮ್ಮನ್ನು ತಾವು ಏನಂತ ಕರೆದುಕೊಂಡರು? ಲ್ಯಾಟಿನ್ ಹೆಸರುಗಳು ಅವರ ಮಾತಿನಿಂದ ಬಂದವೋ, ರೋಮನ್ನರೇ ಕಟ್ಟಿದವೋ? (ಲಕ್ಷ್ಮೇಶ್ವರ, ಗದಗ ಜಿಲ್ಲೆ)

ಮಾಸ್ತರರೇ, ನಿಮ್ಮೂರಿನಿಂದ ಈ ಪ್ರಶ್ನೆ ಬಂದದ್ದು ನನಗೆ ನಿಜಕ್ಕೂ ಸಂತೋಷ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬ್ರಿತಾನ್ನಿ ಎಂಬುದು ರೋಮನ್ನರು ಕಟ್ಟಿದ ಮಾತಲ್ಲ. ಅವರಿಗಿಂತ ಮುನ್ನೂರು ವರ್ಷ ಮೊದಲು, ಕ್ರಿಸ್ತಪೂರ್ವ 325ರ ಸುಮಾರಿಗೆ, ಈಗಿನ ಫ್ರಾನ್ಸಿನ ಮಾರ್ಸೇ ಊರಿನ ಗ್ರೀಕ್ ನಾವಿಕ ಪಿಥಿಯಾಸ್ ಆ ದ್ವೀಪಗಳ ಸುತ್ತ ಹೋಗಿ ಬಂದ. ಅವನ ಬರಹ ಉಳಿದಿಲ್ಲ, ಆದರೆ ಅವನನ್ನು ಓದಿದ ಗ್ರೀಕರು ಆ ಹೆಸರನ್ನು 'ಪ'ದಿಂದ ಬರೆದರು, ಪ್ರೆತ್ತಾನಿಕೆ ಅಂತ. ಮೂಲದಲ್ಲಿ ಇದ್ದದ್ದು ಪಕಾರವೇ. ಬ್ರಿಟನ್ ದ್ವೀಪದ ಪಶ್ಚಿಮದಲ್ಲಿರುವ ವೇಲ್ಸಿನ ಜನ ಇವತ್ತಿಗೂ ಬ್ರಿಟನ್ನಿಗೆ ಪ್ರಿಡೈನ್ ಅನ್ನುತ್ತಾರೆ. ಅವರ ಭಾಷೆಯಲ್ಲಿ ಪ್ರೀಡ್ ಅಂದರೆ ರೂಪ, ಚಹರೆ. ಮೈಮೇಲೆ ಚಿತ್ತಾರ ಬಿಡಿಸಿಕೊಂಡ ಜನ ಅಂತ ಆ ಹೆಸರಿನ ಅರ್ಥ ಇರಬೇಕು ಅಂತ ಹಲವು ಭಾಷಾತಜ್ಞರು ಹೇಳುತ್ತಾರೆ. ಸೀಸರ್ ಕಂಡ ನೀಲಿ ಬಣ್ಣ ಇಲ್ಲಿ ನೆನಪಾಗುತ್ತದೆ, ಅಲ್ವಾ? ಲ್ಯಾಟಿನ್ ಕಿವಿಗೆ ಬರುವ ಹೊತ್ತಿಗೆ ಪ ಹೋಗಿ ಬ ಆಯಿತು.

ಒಂದು ಅಕ್ಷರ ಬದಲಾದರೆ ಊರೇ ಗುರುತು ಸಿಗುವುದಿಲ್ಲ. ಇದು ನಿಮಗೆ ಹೊಸದಲ್ಲ. ಹತ್ತನೇ ಶತಮಾನದಲ್ಲಿ ಪಂಪ ತನ್ನ ಕಾವ್ಯದ ಮಾತು ಪುಲಿಗೆರೆಯ ತಿರುಳ್ಗನ್ನಡ ಅಂದ. ಆ ಪುಲಿಗೆರೆ ಹುಲಿಗೆರೆ ಆಯಿತು, ಈಗ ನಿಮ್ಮ ಲಕ್ಷ್ಮೇಶ್ವರ. ಶಾಸನಗಳ ಪಾನುಂಗಲ್ಲು ಹಾನಗಲ್ಲಾಯಿತು. ಪಾಲು ಹಾಲಾಯಿತು. ದಕ್ಷಿಣದ ಕೆಲವು ಹಳ್ಳಿಗಳಲ್ಲಿ ಆ ಹಕಾರವೂ ಬಿದ್ದು ಬರೀ 'ಆಲು' ಉಳಿದಿದೆ. ಪ, ಆಮೇಲೆ ಹ, ಆಮೇಲೆ ಏನೂ ಇಲ್ಲ. ಆ ದ್ವೀಪಗಳ ಐರಿಷ್, ವೆಲ್ಶ್ ಮುಂತಾದ ಕೆಲ್ಟಿಕ್ ಭಾಷೆಗಳಲ್ಲೂ ಹಳೇ ಪಕಾರ ಇದೇ ದಾರಿಯಲ್ಲಿ ಸವೆದು ಹೋಗಿದೆ. ಸಂಸ್ಕೃತದ ಪಿತೃ, ಲ್ಯಾಟಿನ್ನಿನ ಪಾತೆರ್, ಐರಿಷಿನಲ್ಲಿ 'ಅಹಿರ್' ಅಂತ ಕೇಳಿಸುತ್ತದೆ. ಮುಂದಿನ ಪ ಮಾಯ.

ಈಗ ಹಿಬೆರ್ನಿಯಾ ನೋಡಿ. ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಮಾತಿನ ಕಥೆ. ಲ್ಯಾಟಿನ್ನಿನಲ್ಲಿ ಹಿಬೆರ್ನುಸ್ ಅಂದರೆ ಚಳಿಗಾಲದ್ದು. ಕರಡಿಗಳ ಚಳಿಗಾಲದ ನಿದ್ದೆಗೆ ಹೈಬರ್ನೇಶನ್ ಅನ್ನುವುದು ಅಲ್ಲಿಂದಲೇ. ಹಾಗಾಗಿ ಹಿಬೆರ್ನಿಯಾ ಅಂದರೆ ಚಳಿನಾಡು ಅಂತ ರೋಮನ್ನರು ತಿಳಿದುಕೊಂಡರು. ಆದರೆ ಆ ಜನರ ಮಾತಿನಲ್ಲಿ ಇದ್ದದ್ದು ಈವೆರಿಯೂ ಎಂಬಂಥ ಒಂದು ಹೆಸರು. ಅದೇ ಸವೆದು ಏರಿಯು, ಈಗಿನ ಐರಿಷಿನ ಏರೆ ಆಗಿದೆ. ಗ್ರೀಕರು ಅದನ್ನು ಇಯೆರ್ನೆ ಅಂದರು. ಕೆಲವು ರೋಮನ್ ಬರಹಗಾರರು ಯುವೆರ್ನಾ ಅಂತ ಮೂಲಕ್ಕೆ ಹತ್ತಿರವಾಗಿಯೇ ಬರೆದರು. ಉಳಿದವರು ತಮಗೆ ಗೊತ್ತಿದ್ದ ಚಳಿಯ ಮಾತಿಗೆ ಎಳೆದುಕೊಂಡರು.

ಆ ಮೂಲ ಹೆಸರಿನ ಅರ್ಥ ಏನು? ಮೊದಲಿಗೆ ಬಿದ್ದುಹೋದ ಪಕಾರವನ್ನು ಮತ್ತೆ ಜೋಡಿಸಿ ನೋಡಿದರೆ ಅದು ಸಂಸ್ಕೃತದ 'ಪೀವರೀ'ಗೆ ಸಂಬಂಧ ಅಂತ ಭಾಷಾತಜ್ಞರು ತೋರಿಸುತ್ತಾರೆ. ಪೀವರ ಅಂದರೆ ತುಂಬಿಕೊಂಡದ್ದು, ಪುಷ್ಟವಾದದ್ದು. ಹಳಗನ್ನಡ ಪಾಠ ಮಾಡಿದ ನಿಮಗೆ ಎಷ್ಟು ಸಲ ಕಂಡ ಮಾತು ಅದು! ಅಂದರೆ ಅವರ ಪಾಲಿಗೆ ಅದು ಫಲವತ್ತಾದ ನೆಲ, ಕಸುವಿನ ನೆಲ. ಐರ್ಲೆಂಡಿನಲ್ಲಿ ಚಳಿಗಾಲದಲ್ಲೂ ಹುಲ್ಲು ಹಸಿರಾಗಿಯೇ ಇರುತ್ತದೆ. ಹಸಿರಿಗೆ ಹೆಸರಾದ ನಾಡಿಗೆ, ಅಲ್ಲಿಗೆ ಹೋಗದವರು ಚಳಿನಾಡು ಅಂತ ಹೆಸರು ಹಚ್ಚಿದರು.

ತಮ್ಮನ್ನು ತಾವು ಕರೆದುಕೊಂಡದ್ದರ ಬಗ್ಗೆ ಕೇಳಿದ್ದೀರಿ. ವೇಲ್ಸಿನವರು ಕುಮ್ರಿ ಅನ್ನುತ್ತಾರೆ. ಒಂದೇ ನಾಡಿನವರು, ನಮ್ಮವರು ಅಂತ ಅದರ ಅರ್ಥ. ಅವರಿಗೆ ವೆಲ್ಶ್ ಅಂತ ಹೆಸರಿಟ್ಟವರು ಇಂಗ್ಲಿಷರು, ಅದರ ಅರ್ಥ ಪರಕೀಯರು. ತಮ್ಮ ನೆಲದಲ್ಲೇ ಇದ್ದವರು ಆಮೇಲೆ ಬಂದವರ ಬಾಯಲ್ಲಿ ಪರಕೀಯರಾದರು, ನೋಡಿ. ಐರಿಷರು ತಮ್ಮನ್ನು ಗೇಲರು ಅಂತಾರೆ. ಆ ಮಾತು ಮಾತ್ರ ವೆಲ್ಶ್ ಭಾಷೆಯಿಂದ ಎರವಲು ಬಂದದ್ದು, ಕಾಡಿನವರು ಅಂತ ಅದರ ಹಿಂದಿನ ಅರ್ಥ. ನೆರೆಯವರು ಕರೆದ ಹೆಸರನ್ನೇ ತಮ್ಮದು ಮಾಡಿಕೊಂಡರು. ಇನ್ನು ಪಿಕ್ತಿಗಳನ್ನು ಐರಿಷರು ಕ್ರುಥಿನ್ ಅನ್ನುತ್ತಿದ್ದರು. ವೆಲ್ಶಿನಲ್ಲಿ ಪ (ಸವೆದುಹೋದ ಹಳೇ ಪ ಅಲ್ಲ, ಆಮೇಲೆ ಹುಟ್ಟಿದ್ದು) ಇದ್ದ ಕಡೆ ಐರಿಷಿನಲ್ಲಿ ಎಷ್ಟೋ ಸಲ ಕ ಇರುತ್ತದೆ. ಮಗನಿಗೆ ಅಲ್ಲಿ ಮಾಪ್, ಇಲ್ಲಿ ಮಾಕ್. ತಲೆಗೆ ಅಲ್ಲಿ ಪೆನ್, ಇಲ್ಲಿ ಕೆನ್. ಹಾಗೆ ಲೆಕ್ಕ ಹಾಕಿದರೆ ಕ್ರುಥಿನ್ ಮತ್ತು ಬ್ರಿಟನ್ ಒಂದೇ ಮಾತಿನ ಎರಡು ಕವಲು.

ಹೊರಗಿನವರು ಹೆಸರು ಹಚ್ಚುವುದನ್ನು ನಮ್ಮ ಭಾಗ ಚೆನ್ನಾಗಿ ಬಲ್ಲದು. ಬ್ರಿಟಿಷರು ಧಾರವಾಡ ಸೀಮೆಯನ್ನು ದಕ್ಷಿಣ ಮರಾಠಾ ಪ್ರಾಂತ ಅಂತ ಕರೆದರು. 1882ರಲ್ಲಿ ಶುರುವಾದ ರೈಲು ಕಂಪನಿಗೂ ಸದರ್ನ್ ಮರಾಠಾ ರೈಲ್ವೆ ಅಂತಲೇ ಹೆಸರು, ಅದರ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ. ಕನ್ನಡ ಮಾತಾಡುವ ಊರುಗಳ ನಡುವೆ ಓಡುವ ಗಾಡಿಗೆ ಮರಾಠಾ ಹೆಸರು. ಆಗಿನ ದಾಖಲೆಗಳನ್ನು ಮಾತ್ರ ಓದಿದವರು ಇಲ್ಲಿ ಯಾವ ಜನ ಇದ್ದರು ಅಂತ ತಿಳಿದುಕೊಂಡಾರು? ಹಿಬೆರ್ನಿಯಾ ಅಂತ ಓದುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಪ್ರಶ್ನೆ: ರೋಮನ್ ಸೈನಿಕರು ಈ ಜನರ ಬಗ್ಗೆ ತಮ್ಮತಮ್ಮಲ್ಲೇ ಹೇಗೆ ಮಾತಾಡುತ್ತಿದ್ದರು? ಪುಸ್ತಕದಲ್ಲಿ ಬರೆದಂತೆ ಬ್ರಿತಾನ್ನಿ ಅಂತಲೇ ಅನ್ನುತ್ತಿದ್ದರೇ? (ವಿದ್ಯಾನಗರ, ಹುಬ್ಬಳ್ಳಿ)

ಇದಕ್ಕೆ ಒಂದು ಸಣ್ಣ ಮರದ ತುಂಡು ಉತ್ತರ ಕೊಡುತ್ತದೆ. ಇಂಗ್ಲೆಂಡಿನ ಉತ್ತರದಲ್ಲಿ ವಿಂಡೋಲಾಂಡಾ ಅಂತ ರೋಮನ್ನರ ಹಳೇ ಸೈನಿಕ ಠಾಣೆ ಇದೆ. 122ರಲ್ಲಿ ಕಟ್ಟಲು ಶುರುಮಾಡಿದ ಹೇಡ್ರಿಯನ್ ಗೋಡೆಗೆ ಹತ್ತಿರ. ಆ ಗೋಡೆ ಸುಮಾರು 117 ಕಿಲೋಮೀಟರ್ ಉದ್ದ. ಠಾಣೆಯ ಒದ್ದೆ ಮಣ್ಣಿನಲ್ಲಿ 1973ರಿಂದ ತೆಳ್ಳನೆಯ ಮರದ ಹಾಳೆಗಳು ಸಿಗುತ್ತಿವೆ. ಅಂಚೆ ಕಾರ್ಡಿನಷ್ಟು ಅಗಲ, ಹೆಚ್ಚೆಂದರೆ ಮೂರು ಮಿಲಿಮೀಟರ್ ದಪ್ಪ, ಮೇಲೆ ಶಾಯಿಯಲ್ಲಿ ಬರೆದ ಪತ್ರಗಳು, ಲೆಕ್ಕಗಳು. ಕ್ರಿಸ್ತಶಕ 100ರ ಆಸುಪಾಸಿನವು. ಗಾಳಿ ಆಡದ ಮಣ್ಣಾದ್ದರಿಂದ ಮರ ಕೊಳೆಯಲಿಲ್ಲ.

ಅದರಲ್ಲಿ ಒಂದರ ಮೇಲೆ ಯಾರೋ ಸೈನ್ಯದವರು ಸ್ಥಳೀಯರ ಕಾಳಗದ ರೀತಿ ಬರೆದಿದ್ದಾರೆ. ಅವರಿಗೆ ಕವಚ ಇಲ್ಲ, ಕುದುರೆ ಸವಾರರು ಬಹಳ, ಸವಾರರು ಕತ್ತಿ ಬಳಸುವುದಿಲ್ಲ, ಭರ್ಜಿ ಎಸೆಯಲು ಕುದುರೆ ಹತ್ತುವುದಿಲ್ಲ ಅಂತ. ಅಲ್ಲಿ ಆ ಜನರಿಗೆ ಬಳಸಿದ ಮಾತು ಬ್ರಿತ್ತುನ್‌ಕುಲಿ. ಹೆಸರಿಗೆ 'ಸಣ್ಣ' ಎಂಬ ಬಾಲ ಅಂಟಿಸಿದ್ದಾರೆ, ತುಚ್ಛವಾಗಿ. ನಾವು ಪುಡಿ ರೌಡಿ ಅನ್ನುತ್ತೇವಲ್ಲ, ಆ ಧಾಟಿಯಲ್ಲಿ 'ಪುಡಿ ಬ್ರಿಟನ್ನರು' ಅಂದ ಹಾಗೆ. ಚಕ್ರವರ್ತಿಯ ನಾಣ್ಯದ ಮೇಲೆ ಅವಳು ಗುರಾಣಿ ಹಿಡಿದ ಬ್ರಿತಾನ್ನಿಯಾ ಆಗುವುದಕ್ಕೆ ಬರೀ ಇಪ್ಪತ್ತು ವರ್ಷ ಮುಂಚೆ, ಕಾವಲು ಕಾಯುವವನ ಬಾಯಲ್ಲಿ ಅವಳ ಮಕ್ಕಳು ಬ್ರಿತ್ತುನ್‌ಕುಲಿ. ಆ ಒಂದು ಮಾತು ಓದಿದಾಗ ನನಗೆ ಆ ಜನರ ಪರವಾಗಿ ಮನಸ್ಸು ನೊಂದಿತು.

ಪ್ರಶ್ನೆ: ಗ್ರೇಟ್ ಬ್ರಿಟನ್ ಅಂತ ಮಕ್ಕಳಿಗೆ ಪಾಠ ಮಾಡುವಾಗ 'ಯಾಕ್ರೀ ಅಕ್ಕೋರ, ಅವರು ಅಷ್ಟ್ ದೊಡ್ಡವರೇನು?' ಅಂತ ಕೇಳುತ್ತಾರೆ. ಏನು ಹೇಳಲಿ? (ಪ್ರಾಥಮಿಕ ಶಾಲಾ ಶಿಕ್ಷಕಿ, ರಾಣೆಬೆನ್ನೂರು)

ಅಕ್ಕೋರೇ, ಅದು ಹೊಗಳಿಕೆ ಅಲ್ಲ, ಅಳತೆ. 5 ಮತ್ತು 6ನೇ ಶತಮಾನದಲ್ಲಿ ಬ್ರಿಟನ್ ದ್ವೀಪದ ಒಂದಿಷ್ಟು ಜನ ಸಮುದ್ರ ದಾಟಿ ಈಗಿನ ಫ್ರಾನ್ಸಿನ ವಾಯವ್ಯ ಮೂಲೆಗೆ ಹೋಗಿ ನೆಲೆಸಿದರು. ಅವರು ಇದ್ದ ಆ ಮೂಲೆಗೂ ಬ್ರಿತಾನ್ನಿಯಾ ಅಂತಲೇ ಹೆಸರು ಬಿತ್ತು. ಅದೇ ಬ್ರಿಟನಿ. ಎರಡನ್ನೂ ಬೇರೆ ಮಾಡಲು ಅದನ್ನು ಸಣ್ಣ ಬ್ರಿತಾನ್ನಿಯಾ, ದ್ವೀಪವನ್ನು ದೊಡ್ಡ ಬ್ರಿತಾನ್ನಿಯಾ ಅಂದರು. ನಮ್ಮಲ್ಲಿ ಹಿರೇಕೆರೂರು, ಚಿಕ್ಕೆರೂರು ಇವೆಯಲ್ಲ, ನಿಮ್ಮ ಹಾವೇರಿ ಜಿಲ್ಲೆಯಲ್ಲೇ. ಮಕ್ಕಳಿಗೆ ಹಾಗೆ ಹೇಳಿ, ತಟ್ಟನೆ ಹಿಡಿಯುತ್ತಾರೆ.

ಪ್ರಶ್ನೆ: ಅಷ್ಟು ದೂರದ ದ್ವೀಪ ಬಿಡಿ, ನಮ್ಮ ಪಕ್ಕದ ಸಿಂಹಳಕ್ಕೆ ಲ್ಯಾಟಿನ್ನಿನಲ್ಲಿ ಏನಂತಾರೆ? (ಅಕ್ಕಿಆಲೂರು, ಹಾವೇರಿ ಜಿಲ್ಲೆ)

ತಪ್ರೊಬಾನೆ. ಗ್ರೀಕರಿಂದ ಲ್ಯಾಟಿನ್ನಿಗೆ ಬಂದ ಹೆಸರು, ಮೂಲ ನಮ್ಮ ತಾಮ್ರಪರ್ಣಿ. ನಿಮ್ಮ ಅಕ್ಕಿಆಲೂರಿನಲ್ಲೇ ರೋಮನ್ ಚಿನ್ನದ ನಾಣ್ಯಗಳ ಗಂಟು ಸಿಕ್ಕಿದೆ, ಆದ್ದರಿಂದ ನಾಣ್ಯದ ಕಥೆಯನ್ನೇ ಹೇಳುತ್ತೇನೆ. ಮೊದಲನೇ ಶತಮಾನದ ರೋಮನ್ ಬರಹಗಾರ ಪ್ಲಿನಿ ಬರೆದದ್ದು. ಕೆಂಪು ಸಮುದ್ರದ ಕಡೆಯ ಸುಂಕದ ಗುತ್ತಿಗೆದಾರನೊಬ್ಬನ ಆಳು ಬಿರುಗಾಳಿಗೆ ಸಿಕ್ಕಿ ತಪ್ರೊಬಾನೆಗೆ ಬಂದು ಬಿದ್ದ. ಅಲ್ಲಿನ ರಾಜ ಅವನ ಹತ್ತಿರ ಇದ್ದ ಬೆಳ್ಳಿ ನಾಣ್ಯಗಳನ್ನು ನೋಡಿದ. ಮುಖಗಳು ಬೇರೆ ಬೇರೆ, ಅಂದರೆ ಬೇರೆ ಬೇರೆ ಅರಸರು ಹೊರಡಿಸಿದ್ದು. ಆದರೆ ತೂಕ ಎಲ್ಲದರದ್ದೂ ಒಂದೇ. ಇವರು ಪ್ರಾಮಾಣಿಕರು ಅಂತ ರಾಜನಿಗೆ ಅನಿಸಿತು, ರೋಮಿಗೆ ನಾಲ್ಕು ಜನ ದೂತರನ್ನು ಕಳಿಸಿದ. ಆಗ ರೋಮಿನಲ್ಲಿ ಇದ್ದವನು ಅದೇ ಕ್ಲಾಡಿಯಸ್, ಬ್ರಿತಾನ್ನಿಯಾ ಗೆದ್ದವನು.

ಆ ದೂತರ ಮುಖ್ಯಸ್ಥನ ಹೆಸರು ರಾಕಿಯಾ ಅಂತ ಪ್ಲಿನಿ ಬರೆಯುತ್ತಾನೆ. ಲ್ಯಾಟಿನ್ ಅಕ್ಷರಗಳಲ್ಲಿ ಅದು Rachia. ಅದು ಹೆಸರಲ್ಲ, ರಾಜ ಎಂಬ ಪದವಿ ಇರಬೇಕು ಅಂತ ಹಲವು ವಿದ್ವಾಂಸರ ಊಹೆ. ನಮ್ಮ ಕಡೆಯವರಿಗೆ ಈ ಊಹೆ ದೂರದ್ದು ಅನಿಸುವುದಿಲ್ಲ. ಗಂಗರ ರಾಜಮಲ್ಲ ಶಾಸನಗಳಲ್ಲಿ ರಾಚಮಲ್ಲ ಆಗಿದ್ದಾನೆ. ರಾಚಯ್ಯ ಅಂತ ಕರೆದರೆ ಓ ಅನ್ನುವವರು ಅಕ್ಕಿಆಲೂರಿನ ಸುತ್ತಮುತ್ತ ಇವತ್ತಿಗೂ ಇದ್ದಾರೆ.